ಆಫೀಸಿನ ನೆಟ್‌ವರ್ಕ್‌ಗೆ ಪ್ರಿಂಟರ್ ಸೇರಿಸುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ತೋಟದ ಆಫೀಸು, ಸಹಕಾರ ಸಂಘ, ಶಾಲೆ, ಹೋಂಸ್ಟೇ ಅಂತ ತಿರುಗಿ ಕಂಪ್ಯೂಟರ್, ಪ್ರಿಂಟರ್ ಜೋಡಿಸುವುದು ನನ್ನ ಕೆಲಸ. ಕೆಲಸದ ಮಧ್ಯೆ, ಫೋನಿನಲ್ಲಿ, ಕಾಫಿ ಕುಡಿಯುವಾಗ ಜನ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಪ್ರಿಂಟರ್ ಜೋಡಿಸುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಮೊದಲು ಮಾಡದೆ ಬಿಟ್ಟದ್ದೇ ಆಮೇಲೆ ಆರು ತಿಂಗಳು ಕಾಡುತ್ತದೆ.

## ಪೆಟ್ಟಿಗೆ ಬಿಚ್ಚುವ ಮೊದಲು

ಯುಎಸ್‌ಬಿ ಕೇಬಲ್ ಒಂದು ಕಂಪ್ಯೂಟರಿಗೆ ಹಾಕಿದ್ದೀವಿ, ಉಳಿದವರೂ ಅದ್ರಲ್ಲೇ ಪ್ರಿಂಟ್ ತೆಗೀತಾರೆ. ನೆಟ್‌ವರ್ಕ್ ಅಂತ ಬೇರೆ ಯಾಕೆ?

ಇಬ್ಬರೇ ಇದ್ದು, ಪಕ್ಕಪಕ್ಕ ಕೂರುವವರಾದರೆ ಬೇಡವೇ ಬೇಡ. ಸುಮ್ನೆ ಖರ್ಚು. ಆದರೆ ಹಾಗೆ ಹಂಚಿಕೊಂಡ ಪ್ರಿಂಟರ್ ಕೆಲಸ ಮಾಡಬೇಕಾದರೆ ಆ ಒಂದು ಕಂಪ್ಯೂಟರ್ ಸದಾ ಆನ್ ಇರಬೇಕು. ಒಂದು ತೋಟದಲ್ಲಿ ಹುತ್ತರಿ ಹಬ್ಬಕ್ಕೆ ರೈಟರ್, ಅಂದರೆ ತೋಟದ ಗುಮಾಸ್ತರು, ಊರಿಗೆ ಹೋದರು. ಕಂಪ್ಯೂಟರಿನ ಪಾಸ್‌ವರ್ಡ್ ಅವರ ಜೊತೆಗೇ ಹೋಯಿತು. ಮೂರು ದಿನ ಚೆಕ್‌ರೋಲ್ (ಕಾರ್ಮಿಕರ ಹಾಜರಿ, ಕೂಲಿಯ ಪಟ್ಟಿ) ಪ್ರಿಂಟ್ ಆಗಲಿಲ್ಲ. ಪ್ರಿಂಟರ್ ನೇರವಾಗಿ ನೆಟ್‌ವರ್ಕ್‌ನಲ್ಲಿದ್ದರೆ ಅದು ಯಾರ ಕಂಪ್ಯೂಟರಿಗೂ ಕಾಯುವುದಿಲ್ಲ. ಇನ್ನೊಂದು ವಿಷಯ, ಯುಎಸ್‌ಬಿ ಕೇಬಲ್ 5 ಮೀಟರ್ ದಾಟಿದರೆ ನಂಬುವ ಹಾಗಿಲ್ಲ.

ನಮ್ಮ ಪ್ರಿಂಟರ್ ನೆಟ್‌ವರ್ಕ್‌ಗೆ ಸೇರುತ್ತಾ ಇಲ್ವಾ, ಹೇಗೆ ನೋಡೋದು?

ಹಿಂಭಾಗ ನೋಡಿ. ಟೆಲಿಫೋನ್ ಪಿನ್ನಿಗಿಂತ ಸ್ವಲ್ಪ ಅಗಲವಾದ, ಒಳಗೆ 8 ತಾಮ್ರದ ಗೆರೆ ಇರುವ ತೂತು ಇದ್ದರೆ ಲ್ಯಾನ್ ಕೇಬಲ್, ಅಂದರೆ ನೆಟ್‌ವರ್ಕ್ ತಂತಿ, ಹಾಕಬಹುದು. ಫ್ಯಾಕ್ಸ್ ಇರುವ ಯಂತ್ರದಲ್ಲಿ ಚಿಕ್ಕ ತೂತೂ ಇರುತ್ತದೆ. ಅದು ಟೆಲಿಫೋನಿನದು, ಲ್ಯಾನಿನದಲ್ಲ. ಮಾಡೆಲ್ ನಂಬರಿನ ಕೊನೆಯಲ್ಲಿ ಸಾಮಾನ್ಯವಾಗಿ 'ಎನ್' ಇದ್ದರೆ ನೆಟ್‌ವರ್ಕ್, 'ಡಬ್ಲ್ಯೂ' ಇದ್ದರೆ ವೈಫೈ, 'ಡಿ' ಇದ್ದರೆ ಎರಡೂ ಬದಿ ಪ್ರಿಂಟ್. ಅಂಗಡಿಯಲ್ಲಿ ಒಂದೇ ಹೆಸರಿನ ಎರಡು ಯಂತ್ರ ಪಕ್ಕಪಕ್ಕ ಇದ್ದು ಒಂದು ಸಾವಿರ ರೂಪಾಯಿ ಅಗ್ಗ ಕಂಡರೆ ಈ ಅಕ್ಷರ ನೋಡಿ. ಬಿಟ್ಟುಹೋದದ್ದು ಅದೇ ಇರುತ್ತದೆ.

ವೈಫೈ ಸಾಕಲ್ವಾ? ತಂತಿ ಎಳೆದು ಗೋಡೆ ಯಾಕೆ ಹಾಳು ಮಾಡೋದು?

ಪ್ರಿಂಟರ್ ಒಂದೇ ಕಡೆ ಕೂರುವ ವಸ್ತು. ಒಂದೇ ಕಡೆ ಕೂರುವುದಕ್ಕೆ ತಂತಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಹಳೇ ಬಂಗಲೆಗಳ ದಪ್ಪ ಕಲ್ಲು ಗೋಡೆ ವೈಫೈಯನ್ನು ನುಂಗುತ್ತದೆ. ಬಾಗಿಲು ತೆಗೆದಿದ್ದರೆ ಪ್ರಿಂಟ್ ಬರುತ್ತದೆ, ಹಾಕಿದರೆ ಬರುವುದಿಲ್ಲ. ಇಂಥ ಆಫೀಸನ್ನು ನಾನೇ ನೋಡಿದ್ದೇನೆ.

ವೈಫೈಯೇ ಬೇಕು ಅಂದರೆ ಒಂದು ಮಾತು. ಬಹಳಷ್ಟು ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ರೂಟರಿನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಆನ್ ಇದ್ದರೆ ಪ್ರಿಂಟರಿಗೆ ನಿಮ್ಮ ವೈಫೈ ಹೆಸರೇ ಕಾಣುವುದಿಲ್ಲ. ಯಂತ್ರ ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಟವರಿದ್ದಾರೆ.

ತಂತಿಗಾದರೆ ಕ್ಯಾಟ್ 5ಇ ಅನ್ನುವ ದರ್ಜೆಯ ಲ್ಯಾನ್ ಕೇಬಲ್ ಸಾಕು, ಕ್ಯಾಟ್ 6 ಇದ್ದರೆ ಇನ್ನೂ ಒಳ್ಳೆಯದು. ಉದ್ದ 100 ಮೀಟರ್ ಮೀರಬಾರದು. 'ಪೂರ್ತಿ ತಾಮ್ರ' ಅಂತ ಕೇಳಿ ತೆಗೆದುಕೊಳ್ಳಿ. ಅಲ್ಯುಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ತಂತಿಯೂ ಬರುತ್ತದೆ. ನಮ್ಮ ತೇವಕ್ಕೆ ಅದು ತುದಿಯಲ್ಲಿ ಬೇಗ ಹಾಳಾಗುತ್ತದೆ.

ನಾಳೆ ಬರ್ತೀನಿ ಅಂದ್ರಲ್ಲ, ಅಷ್ಟರೊಳಗೆ ನಾವು ಏನು ರೆಡಿ ಮಾಡಿಟ್ಟಿರ್ಬೇಕು?

ಕೇಬಲ್ಲು, ಸ್ಕ್ರೂಡ್ರೈವರ್ ನಾನೇ ತರುತ್ತೇನೆ. ನನ್ನ ಹತ್ತಿರ ಇಲ್ಲದ್ದು ಪಾಸ್‌ವರ್ಡುಗಳು. ರೂಟರಿನ ಒಳಗೆ ಹೋಗುವ ಪಾಸ್‌ವರ್ಡ್ ಬೇಕು. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ಎಷ್ಟೋ ಕಡೆ ಇಂಟರ್ನೆಟ್ ಕೊಟ್ಟ ಹುಡುಗ ಬದಲಾಯಿಸಿ ಹೋಗಿರುತ್ತಾನೆ, ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ. ಪ್ರತಿ ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ಬೇಕು. ಸ್ಕ್ಯಾನ್ ಮಾಡಿದ್ದು ಮೇಲ್‌ಗೆ ಹೋಗಬೇಕಿದ್ದರೆ ಆಫೀಸಿನ ಮೇಲ್ ಖಾತೆಯ ಫೋನ್ ಯಾರ ಕೈಯಲ್ಲಿದೆಯೋ ಅವರು ಅಲ್ಲೇ ಇರಬೇಕು. ಸಾಹುಕಾರರು ಮೈಸೂರಿನಲ್ಲಿದ್ದು ಒಟಿಪಿ ಅವರಿಗೆ ಹೋದರೆ ನಾವಿಬ್ಬರೂ ವರಾಂಡದಲ್ಲಿ ಕೂತು ಮಳೆ ನೋಡಬೇಕಾಗುತ್ತದೆ.

ಮತ್ತೆ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಕಂಪ್ಯೂಟರ್, ಯಾವುದರಲ್ಲಿ ಯಾವ ವಿಂಡೋಸ್, ಯಾರು ಬಿಲ್ಲು ತೆಗೆಯುತ್ತಾರೆ, ಯಾರಿಗೆ ಕಲರ್ ಬೇಕು. ನೆಟ್‌ವರ್ಕ್ ಸ್ವಿಚ್ಚಿನಲ್ಲಿ, ಅಂದರೆ ಲ್ಯಾನ್ ತಂತಿಗಳೆಲ್ಲ ಬಂದು ಸೇರುವ ಡಬ್ಬದಲ್ಲಿ, ಖಾಲಿ ತೂತು ಇದೆಯೇ ನೋಡಿ. ಎಲ್ಲ ಆದ ಮೇಲೆ ಒಂದು ತೂತಿಗೆ ಅಂತ ಗೋಣಿಕೊಪ್ಪದವರೆಗೆ ಹೋಗಿ ಬಂದಿದ್ದೇನೆ.

## ಜಾಗ, ಕರೆಂಟು, ಮಳೆ

ಪ್ರಿಂಟರ್ ಎಲ್ಲಿಡೋದು? ಕಿಟಕಿ ಹತ್ರ ಮೇಜು ಖಾಲಿ ಇದೆ.

ಕಿಟಕಿ ಹತ್ತಿರ ಬೇಡ. ಕೊಡಗಿನಲ್ಲಿ ಮಂಜು ಕಿಟಕಿಯಿಂದಲೇ ಒಳಗೆ ಬರುತ್ತದೆ. ಹೊರಗಿನ ಗೋಡೆಗೆ ಅಂಟಿಸಿಯೂ ಇಡಬೇಡಿ, ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಆ ಗೋಡೆ ಬೆವರುತ್ತದೆ. ಹಿಂದೆ ಒಂದು ಗೇಣು ಜಾಗ ಬಿಡಿ, ಪೇಪರ್ ಸಿಕ್ಕಿಕೊಂಡರೆ ಅಲ್ಲಿಂದಲೇ ಬಿಚ್ಚುವುದು. ಸಂಬಳದ ಪಟ್ಟಿ ಬರುವ ಪ್ರಿಂಟರನ್ನು ಜನ ಓಡಾಡುವ ಜಾಗದಲ್ಲಿ ಇಡಬೇಡಿ.

ಕರೆಂಟು ಹೋಗ್ತಾ ಬರ್ತಾ ಇರುತ್ತೆ. ಕಂಪ್ಯೂಟರ್ ಯುಪಿಎಸ್‌ಗೇ ಪ್ರಿಂಟರೂ ಹಾಕ್ಬಹುದಾ?

ಲೇಸರ್ ಪ್ರಿಂಟರ್ ಬೇಡ. ಅದರೊಳಗೆ ಪುಡಿಯನ್ನು ಕಾಗದಕ್ಕೆ ಬೇಯಿಸಿ ಅಂಟಿಸುವ ಫ್ಯೂಸರ್ ಇರುತ್ತದೆ. ಅದು ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಕಾಯುವ ಆ ಕೆಲವು ಕ್ಷಣ ಹತ್ತಿರ ಹತ್ತಿರ ಸಾವಿರ ವ್ಯಾಟ್ ಎಳೆಯಬಹುದು. ಮೇಜಿನ ಕೆಳಗಿನ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಅದು ಕೂಗಿ ಆಫ್ ಆಗುತ್ತದೆ, ಜೊತೆಗೆ ಕಂಪ್ಯೂಟರೂ ಆಫ್. ಇಂಕ್ ಪ್ರಿಂಟರ್ ಕಡಿಮೆ ಎಳೆಯುತ್ತದೆ, ಅದಕ್ಕೆ ಪರವಾಗಿಲ್ಲ.

ಯುಪಿಎಸ್‌ಗೆ ಹಾಕಲೇಬೇಕಾದದ್ದು ರೂಟರ್ ಮತ್ತು ಸ್ವಿಚ್. ಇದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.

ಸಿಡಿಲಿಗೆ ಪ್ರಿಂಟರ್ ಹೋಗುತ್ತೆ ಅಂತಾರೆ. ಪ್ಲಗ್ ತೆಗೆದಿಟ್ರೆ ಸಾಕಲ್ವಾ?

ಸಾಕಾಗುವುದಿಲ್ಲ. ಪ್ಲಗ್ ಒಂದು ದಾರಿ, ಲ್ಯಾನ್ ತಂತಿ ಇನ್ನೊಂದು ದಾರಿ.

ಒಂದು ತೋಟದ ಕಥೆ ಹೇಳುತ್ತೇನೆ. ಆಫೀಸಿನಿಂದ ಕಣದ ಹತ್ತಿರದ ತೂಕದ ಕೋಣೆಗೆ 60 ಮೀಟರ್ ಲ್ಯಾನ್ ತಂತಿಯನ್ನು ಸಿಲ್ವರ್ ಓಕ್ ಮರದಿಂದ ಮರಕ್ಕೆ ಕಟ್ಟಿ ಎಳೆದಿದ್ದರು. ಎಳೆದವನು ನಾನೇ, ಸುಳ್ಳು ಯಾಕೆ ಹೇಳಲಿ. ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ಹಿಂದೆಯೇ ಗುಡುಗು ಬಂತು. ರೈಟರ್ ಎಲ್ಲ ಪ್ಲಗ್ ತೆಗೆದು ಮನೆಗೆ ಹೋಗಿದ್ದರು. ಬೆಳಿಗ್ಗೆ ನೋಡಿದರೆ ಸ್ವಿಚ್ ಸತ್ತಿದೆ, ಪ್ರಿಂಟರಿನ ಲ್ಯಾನ್ ತೂತು ಸತ್ತಿದೆ, ಒಂದು ಕಂಪ್ಯೂಟರಿನದೂ ಸತ್ತಿದೆ. ಪ್ರಿಂಟರ್ ಆನ್ ಆಗುತ್ತದೆ, ನೆಟ್‌ವರ್ಕ್ ಮಾತ್ರ ಇಲ್ಲ. ಸಿಡಿಲು ಮರಕ್ಕೆ ನೇರ ಬಡಿಯಬೇಕಾಗಿಲ್ಲ. ಹತ್ತಿರ ಎಲ್ಲೋ ಬಿದ್ದರೂ ಹೊರಗೆ ತೂಗುವ ಉದ್ದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಏಳುತ್ತದೆ. ಅದು ಎರಡು ತುದಿಯ ಯಂತ್ರಗಳನ್ನು ಹುಡುಕಿಕೊಂಡು ಹೋಗುತ್ತದೆ.

ಅಂದಿನಿಂದ ಎರಡು ಕಟ್ಟಡಗಳ ನಡುವೆ ನಾನು ತಾಮ್ರ ಎಳೆಯುವುದಿಲ್ಲ. ಫೈಬರ್ ಎಳೆದು ಎರಡು ತುದಿಗೆ ಅದನ್ನು ಲ್ಯಾನ್ ತಂತಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಡಬ್ಬ ಹಾಕುತ್ತೇನೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ಫೈಬರಿನ ಪಕ್ಕದಲ್ಲಿ ಬಲಕ್ಕೆ ಅಂತ ಉಕ್ಕಿನ ತಂತಿ ಇರುವ ಕೇಬಲ್ಲೂ ಬರುತ್ತದೆ. ಲೋಹ ಇಲ್ಲದ್ದನ್ನೇ ಕೇಳಿ ತನ್ನಿ. ಕಟ್ಟಡದ ಅರ್ತಿಂಗ್ ಒಮ್ಮೆ ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ಇದ್ಯಾವುದೂ ಇಲ್ಲದ ಕಡೆ ಗುಡುಗು ಶುರುವಾಗುವ ಮೊದಲೇ ಪ್ಲಗ್ಗಿನ ಜೊತೆ ಹೊರಗಿನಿಂದ ಬರುವ ಲ್ಯಾನ್ ತಂತಿಯನ್ನೂ ಎಳೆದಿಡಿ.

ಜೂನ್ ಬಂದ್ರೆ ಸಾಕು ಪೇಪರ್ ಸಿಕ್ಕಿಕೊಳ್ಳುತ್ತೆ. ಪ್ರಿಂಟರ್ ಸರಿ ಇಲ್ವಾ?

ಪ್ರಿಂಟರ್ ಸರಿ ಇದೆ, ಪೇಪರ್ ಒದ್ದೆ ಇದೆ. ಕೈಗೆ ಒಣಗಿದ ಹಾಗೇ ಅನ್ನಿಸಿದರೂ ಕಾಗದ ಗಾಳಿಯ ತೇವ ಕುಡಿದಿರುತ್ತದೆ. ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಹೋಗುತ್ತವೆ. ಲೇಸರಿನಲ್ಲಿ ಬಿಸಿಗೆ ಸುರುಳಿಯಾಗುತ್ತವೆ, ಅಕ್ಷರವೂ ತೆಳ್ಳಗೆ ಬರುತ್ತದೆ. ಆ ದಿನಕ್ಕೆ ಬೇಕಾದಷ್ಟೇ ಟ್ರೇಗೆ ಹಾಕಿ. ಉಳಿದದ್ದು ಅದರ ಕವರಿನಲ್ಲೇ ಇರಲಿ, ಕವರನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿಡಿ. ಭಾಗಮಂಡಲ, ನಾಪೋಕ್ಲು ಕಡೆ ಇದು ಬೇಕೇ ಬೇಕು. ಕುಶಾಲನಗರದವರಿಗೆ ಅಷ್ಟು ತೊಂದರೆ ಇಲ್ಲ. ಹೊಸ ಪ್ರಿಂಟರ್ ಜೋಡಿಸುವ ದಿನ ಹೊಸ ಪೇಪರ್ ಬಂಡಲ್ ಒಡೆಯಿರಿ. ಇಲ್ಲದಿದ್ದರೆ ಪೇಪರಿನ ತಪ್ಪು ನನ್ನ ತಲೆಗೆ ಬರುತ್ತದೆ!

## ವಿಳಾಸದ ವಿಷಯ

ಪ್ರಿಂಟರಿಗೆ ಐಪಿ ಅಡ್ರೆಸ್ ಯಾಕೆ? ಅದು ತಾನಾಗೇ ಸಿಗಲ್ವಾ?

ತಾನಾಗೇ ಸಿಗುತ್ತದೆ, ತೊಂದರೆಯೂ ಅಲ್ಲೇ ಇದೆ. ರೂಟರ್ ಬಂದವರಿಗೆಲ್ಲ ಒಂದೊಂದು ನಂಬರ್ (ಅದೇ ಐಪಿ ಅಡ್ರೆಸ್) ಕೊಡುತ್ತದೆ. ಇದಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ಈ ನಂಬರ್ ಬಾಡಿಗೆ ಮನೆಯ ಹಾಗೆ, ಅವಧಿ ಮುಗಿದ ಮೇಲೆ ಬೇರೆಯವರಿಗೆ ಹೋಗಬಹುದು. ಕಂಪ್ಯೂಟರ್‌ಗಳು ನಂಬರ್ ಬದಲಾಯಿಸಿಕೊಂಡರೆ ಯಾರಿಗೂ ತೊಂದರೆ ಇಲ್ಲ, ಅವು ಪ್ರಿಂಟರನ್ನು ಹುಡುಕಿಕೊಂಡು ಹೋಗಿ ಕೆಲಸ ಕೊಡುವವು. ಪ್ರಿಂಟರ್ ಕೂತಲ್ಲೇ ಕೂತು ಕೆಲಸ ತೆಗೆದುಕೊಳ್ಳುವುದು. ಕಾರ್ಮಿಕರ ಲೈನ್ ಮನೆಯವರು ದಿನಾ ಮನೆ ಬದಲಾಯಿಸಿದರೂ ಪೋಸ್ಟ್ ಆಫೀಸು ಒಂದೇ ಕಡೆ ಇರಬೇಕಲ್ಲ, ಹಾಗೆ. ಎರಡು ದಿನ ಕರೆಂಟು ಹೋಗಿ ಬಂದ ಮೇಲೆ 'ಪ್ರಿಂಟರ್ ಆಫ್‌ಲೈನ್' ಅಂತ ಬರುವ ಫೋನುಗಳಲ್ಲಿ ಹೆಚ್ಚಿನವು ಇದೇ. ಯಂತ್ರಕ್ಕೆ ಹೊಸ ನಂಬರ್ ಸಿಕ್ಕಿರುತ್ತದೆ, ಕಂಪ್ಯೂಟರ್‌ಗಳು ಹಳೆಯದನ್ನೇ ಕೂಗುತ್ತಿರುತ್ತವೆ.

ಕಾಯಂ ನಂಬರ್ ರೂಟರಲ್ಲಿ ಕೊಡೋದಾ, ಪ್ರಿಂಟರಲ್ಲೇ ಬರೆಯೋದಾ?

ಎರಡೂ ಆಗುತ್ತದೆ. ರೂಟರಿನಲ್ಲಿ ಕೊಡಬೇಕಾದರೆ ಪ್ರಿಂಟರಿನ ಮ್ಯಾಕ್ ವಿಳಾಸ ಬೇಕು. ಅದು ಯಂತ್ರದ ಜೊತೆಗೇ ಹುಟ್ಟಿದ 12 ಅಕ್ಷರ-ಅಂಕಿಗಳ ಗುರುತು. ಹಿಂಭಾಗದ ಚೀಟಿಯಲ್ಲಿ ಅಥವಾ ನೆಟ್‌ವರ್ಕ್ ಪುಟ ಪ್ರಿಂಟ್ ತೆಗೆದರೆ ಸಿಗುತ್ತದೆ. ತಂತಿಗೂ ವೈಫೈಗೂ ಬೇರೆ ಬೇರೆ ಮ್ಯಾಕ್ ಇರುತ್ತದೆ, ಯಾವುದು ಬಳಸುತ್ತೀರೋ ಅದನ್ನೇ ಬರೆಯಿರಿ.

ಪ್ರಿಂಟರಿನಲ್ಲೇ ಬರೆಯುವುದಾದರೆ ರೂಟರ್ ಹಂಚುವ ಸಾಲಿನ ಹೊರಗಿನ ನಂಬರ್ ಆರಿಸಿ. ಉದಾಹರಣೆಗೆ ರೂಟರ್ 192.168.1.100ರಿಂದ 199ರವರೆಗೆ ಹಂಚುತ್ತಿದ್ದರೆ ಪ್ರಿಂಟರಿಗೆ 192.168.1.50 ಕೊಡಿ. ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ ನಿಮ್ಮ ರೂಟರಿನ ನಂಬರ್. ಹಂಚುವ ಸಾಲಿನ ಒಳಗಿನ ನಂಬರನ್ನೇ ಬರೆದರೆ ಒಂದು ದಿನ ಯಾರದೋ ಮೊಬೈಲಿಗೂ ಅದೇ ನಂಬರ್ ಸಿಗುತ್ತದೆ. ಆ ಮೊಬೈಲಿನವರು ಆಫೀಸಿಗೆ ಬಂದ ದಿನ ಮಾತ್ರ ಪ್ರಿಂಟ್ ಬರುವುದಿಲ್ಲ. ಈ ಗಂಟು ಬಿಡಿಸಲು ನನಗೆ ಒಂದು ವಾರ ಹಿಡಿದಿತ್ತು.

ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. ಒಂದು ಕಂಪನಿಯ ಇಂಟರ್ನೆಟ್ ಸರಿ ಬರದಿದ್ದರೆ ಇನ್ನೊಂದಕ್ಕೆ ಹೋಗುತ್ತೇವೆ, ಅವರು ತಮ್ಮ ರೂಟರ್ ಇಡುತ್ತಾರೆ. ಹಳೆಯದು 192.168.1 ಅಂತ ಶುರುವಾದರೆ ಹೊಸದು 192.168.29 ಅಂತ ಶುರುವಾಗಬಹುದು. ಆಗ ಕಾಯಂ ನಂಬರಿನ ಪ್ರಿಂಟರ್ ಬೇರೆ ಊರಿನಲ್ಲಿ ಉಳಿದ ಹಾಗಾಗುತ್ತದೆ. ಅದಕ್ಕೆ ಆಫೀಸಿಗೆ ಅಂತ ಸ್ವಂತ ರೂಟರ್ ಒಂದನ್ನು ಇಟ್ಟುಕೊಳ್ಳಿ ಅನ್ನುತ್ತೇನೆ. ಇಂಟರ್ನೆಟ್ ಡಬ್ಬ ಯಾರದೇ ಬರಲಿ, ಅದರ ತಂತಿ ನಮ್ಮ ರೂಟರಿಗೆ ಬಂದು ಸೇರಲಿ. ಅವರ ಡಬ್ಬದ ವೈಫೈ ಆಫ್ ಮಾಡಿ, ಇಲ್ಲದಿದ್ದರೆ ಅರ್ಧ ಜನ ಅದಕ್ಕೆ ಸೇರಿಕೊಂಡು ಪ್ರಿಂಟರ್ ಕಾಣುತ್ತಿಲ್ಲ ಅನ್ನುತ್ತಾರೆ.

ಪ್ರಿಂಟರಲ್ಲಿ 169.254 ಅಂತ ಶುರುವಾಗೋ ನಂಬರ್ ಬಂದಿದೆ. ಅದನ್ನೇ ಇಟ್ಕೊಳ್ಳಲಾ?

ಬೇಡ. ರೂಟರ್ ಯಾವ ನಂಬರನ್ನೂ ಕೊಡಲಿಲ್ಲ, ಪ್ರಿಂಟರ್ ತಾನೇ ಒಂದು ಹಾಕಿಕೊಂಡಿದೆ ಅಂತ ಅರ್ಥ. ಮೊದಲು ತಂತಿ ನೋಡಿ. ತೂತಿನ ಹತ್ತಿರ ಸಣ್ಣ ದೀಪ ಮಿನುಗುತ್ತಿದೆಯೇ? ಇಲ್ಲದಿದ್ದರೆ ತಂತಿಯೋ ಸ್ವಿಚ್ಚೋ ಸತ್ತಿದೆ. ಸ್ವಿಚ್ಚಿನ ಒಳಗೆ ಹಲ್ಲಿ ಸತ್ತಿದ್ದೂ ಉಂಟು.

ಇಂಟರ್ನೆಟ್ ಹೋದ್ರೆ ಪ್ರಿಂಟೂ ನಿಲ್ಲುತ್ತಾ?

ನಿಲ್ಲುವುದಿಲ್ಲ. ಕಂಪ್ಯೂಟರಿನಿಂದ ಪ್ರಿಂಟರಿಗೆ ಹೋಗುವುದು ಆಫೀಸಿನ ಒಳಗಿನ ದಾರಿ. ಮೇಲ್‌ಗೆ ಸ್ಕ್ಯಾನ್ ಕಳಿಸುವುದು ಮಾತ್ರ ನಿಲ್ಲುತ್ತದೆ. ಕೆಲವು ಹೊಸ ಪ್ರಿಂಟರ್‌ಗಳು ಮೊದಲ ಸಲ ಶುರುಮಾಡುವಾಗ ಇಂಟರ್ನೆಟ್ ಕೇಳುತ್ತವೆ, ಹಾಗಾಗಿ ಜೋಡಿಸುವ ದಿನ ಲೈನ್ ಇರಲಿ.

## ಕಂಪ್ಯೂಟರ್ ಕಡೆ

ಪ್ರಿಂಟರ್ ಆನ್ ಇದೆ, ಪಿಂಗ್ ಮಾಡಿದ್ರೂ, ಅಂದ್ರೆ ನೆಟ್‌ವರ್ಕಲ್ಲಿ ಕೂಗಿ ನೋಡಿದ್ರೂ, ಉತ್ತರ ಬರುತ್ತೆ. ವಿಂಡೋಸ್ ಮಾತ್ರ 'ಆಫ್‌ಲೈನ್' ಅನ್ನುತ್ತೆ, ಯಾಕೆ?

ಪ್ರಿಂಟರ್ ಪ್ರಾಪರ್ಟೀಸ್ ತೆಗೆದು 'ಪೋರ್ಟ್ಸ್' ನೋಡಿ. ಅಲ್ಲಿ 'ಡಬ್ಲ್ಯೂಎಸ್‌ಡಿ' ಅಂತ ಇದ್ದರೆ ವಿಂಡೋಸ್ ತಾನೇ ಹುಡುಕಿ ಹಾಕಿಕೊಂಡ ದಾರಿ ಅದು. ಮನೆಗೆ ಸರಿ, ಆಫೀಸಿಗೆ ಬೇಡ. 'ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್' ಸೇರಿಸಿ, ಪ್ರಿಂಟರಿನ ಕಾಯಂ ನಂಬರ್ ಕೊಡಿ. ಅದು ಪ್ರಿಂಟರಿನ 9100ನೇ ಪೋರ್ಟ್ ಅನ್ನುವ ಬಾಗಿಲಿನಲ್ಲಿ ನೇರ ಮಾತಾಡುತ್ತದೆ. ಆಮೇಲೂ ಆಫ್‌ಲೈನ್ ಅಂದರೆ ಅದೇ ಕಡೆ 'ಎಸ್‌ಎನ್‌ಎಂಪಿ ಸ್ಟೇಟಸ್' ಅನ್ನುವ ಗುರುತು ತೆಗೆದು ನೋಡಿ. ವಿಂಡೋಸ್ ಅದರ ಮೂಲಕ 'ಇದ್ದೀಯಾ?' ಅಂತ ಕೇಳುತ್ತದೆ, ಕೆಲವು ಪ್ರಿಂಟರ್‌ಗಳು ಅದಕ್ಕೆ ಉತ್ತರ ಕೊಡುವುದಿಲ್ಲ.

ಮೊದಲೆಲ್ಲ ನಾವೇ ಡ್ರೈವರ್ ಹಾಕ್ಕೊಳ್ತಿದ್ವಿ. ಈಗ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಲ್ಲ?

ಡ್ರೈವರ್ ಅಂದರೆ ಕಂಪ್ಯೂಟರಿಗೆ ಪ್ರಿಂಟರಿನ ಜೊತೆ ಮಾತಾಡಲು ಕಲಿಸುವ ತಂತ್ರಾಂಶ. 2021ರಲ್ಲಿ ವಿಂಡೋಸ್‌ನ ಪ್ರಿಂಟ್ ವ್ಯವಸ್ಥೆಯಲ್ಲಿ 'ಪ್ರಿಂಟ್‌ನೈಟ್‌ಮೇರ್' ಅನ್ನುವ ದೊಡ್ಡ ಭದ್ರತಾ ದೋಷ ಸಿಕ್ಕಿತು. ಪ್ರಿಂಟರ್ ಡ್ರೈವರಿನ ನೆಪದಲ್ಲಿ ಕಂಪ್ಯೂಟರನ್ನೇ ವಶ ಮಾಡಿಕೊಳ್ಳಬಹುದಿತ್ತು. ಆ ವರ್ಷದ ಆಗಸ್ಟ್ ಅಪ್‌ಡೇಟಿನ ನಂತರ ಹಂಚಿಕೊಂಡ ಪ್ರಿಂಟರಿನ ಡ್ರೈವರ್ ಹಾಕಲು ಅಡ್ಮಿನ್ ಬೇಕು. ಕಿರಿಕಿರಿ ಹೌದು, ಆದರೂ ಅದನ್ನು ತಪ್ಪಿಸುವ ದಾರಿ ಹುಡುಕಬೇಡಿ.

ಇಂಗ್ಲಿಷ್ ಸರಿ ಬರುತ್ತೆ, ಕನ್ನಡ ಮಾತ್ರ ಏನೇನೋ ಗುರುತು ಬರುತ್ತೆ. ಪ್ರಿಂಟರಿಗೆ ಕನ್ನಡ ಬರಲ್ವಾ?

ಪ್ರಿಂಟರಿಗೆ ಯಾವ ಭಾಷೆಯೂ ಬರುವುದಿಲ್ಲ, ಪಾಪ. ಎರಡು ಕಾರಣ ನೋಡಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತವಾದರೆ ಅದರಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪರದೆಯಲ್ಲೇ ಕೆಟ್ಟದಾಗಿ ಕಾಣುತ್ತದೆ. ಸಂಘದ ಹಳೇ ನೋಟೀಸು, ನಡಾವಳಿ ಎಲ್ಲ ಹೆಚ್ಚಾಗಿ ಹೀಗೇ ಇವೆ. ಫಾಂಟ್ ಹಾಕಿ ಅಥವಾ ಯುನಿಕೋಡಿಗೆ ಬದಲಾಯಿಸಿ.

ಪರದೆಯಲ್ಲಿ ಸರಿ ಇದ್ದು ಕಾಗದದಲ್ಲಿ ಮಾತ್ರ ಕೆಟ್ಟರೆ, ಡ್ರೈವರ್ ನಿಮ್ಮ ಫಾಂಟ್ ಬಿಟ್ಟು ಪ್ರಿಂಟರಿನ ಒಳಗಿನ ಫಾಂಟ್ ಬಳಸುತ್ತಿದೆ. ಪಿಡಿಎಫ್ ಮಾಡಿ, ಪ್ರಿಂಟ್ ಕೊಡುವಾಗ 'ಪ್ರಿಂಟ್ ಆಸ್ ಇಮೇಜ್' ಆರಿಸಿ. ಸ್ವಲ್ಪ ನಿಧಾನ, ಆದರೆ ಒತ್ತಕ್ಷರ ತನ್ನ ಜಾಗದಲ್ಲೇ ಬರುತ್ತದೆ. ಅದಕ್ಕೆ ಹೊಸ ಪ್ರಿಂಟರ್ ಪರೀಕ್ಷಿಸುವಾಗ ವಿಂಡೋಸ್‌ನ ಟೆಸ್ಟ್ ಪೇಜ್ ನೋಡಿ ಬಿಡಬೇಡಿ. ನಿಮ್ಮದೇ ಒಂದು ಕನ್ನಡ ಪತ್ರ, ಒಂದು ಬಿಲ್ಲು ತೆಗೆದು ನೋಡಿ.

## ಇನ್ನೂ ಸ್ವಲ್ಪ ಮುಂದೆ

ತೂಕದ ಕೋಣೇಲಿ ಹಳೇ ಡಾಟ್ ಮ್ಯಾಟ್ರಿಕ್ಸ್ ಇದೆ. ಅದನ್ನೂ ನೆಟ್‌ವರ್ಕ್‌ಗೆ ಹಾಕ್ಬಹುದಾ?

ಹಾಕಬಹುದು, ಪ್ರಿಂಟ್ ಸರ್ವರ್ ಅನ್ನುವ ಸಣ್ಣ ಡಬ್ಬ ಸಿಗುತ್ತದೆ. ಆದರೆ ಯಾಕೆ? ತೂಕದ ಚೀಟಿ ತೂಕ ಮಾಡುವವನ ಕಂಪ್ಯೂಟರಿನಿಂದಲೇ ತಾನೇ ಬರಬೇಕು. ಅಲ್ಲೇ ಕೇಬಲ್ಲಿನಲ್ಲಿ ಇರಲಿ. ಹಳೆಯದು ಅಂತ ಎಸೆಯಲೂ ಬೇಡಿ. ಒಂದೇ ಹೊಡೆತಕ್ಕೆ ಕಾರ್ಬನ್ ಪ್ರತಿ ಬರುವುದು ಅದರಲ್ಲಿ ಮಾತ್ರ, ಲೇಸರಿಗೆ ಅದು ಆಗುವುದಿಲ್ಲ.

ಸ್ಕ್ಯಾನ್ ಮಾಡಿದ್ದು ಮೊದಲು ಫೋಲ್ಡರಿಗೆ ಹೋಗ್ತಿತ್ತು, ಮೇಲ್‌ಗೂ ಹೋಗ್ತಿತ್ತು. ಈಗ ಎರಡೂ ಇಲ್ಲ.

ಎರಡಕ್ಕೂ ಬೇರೆ ಬೇರೆ ಕಾರಣ. ಹಳೇ ಯಂತ್ರಗಳು ಫೋಲ್ಡರಿಗೆ ಬರೆಯಲು ಎಸ್‌ಎಂಬಿ 1 ಅನ್ನುವ ಹಳೇ ಪದ್ಧತಿ ಬಳಸುತ್ತವೆ. 2017ರ ನಂತರದ ವಿಂಡೋಸ್ 10ರಲ್ಲಿ ಅದು ಮೊದಲಿನಿಂದಲೇ ಇರುವುದಿಲ್ಲ. ಯಂತ್ರದ ಫರ್ಮ್‌ವೇರ್, ಅಂದರೆ ಅದರ ಒಳಗಿನ ತಂತ್ರಾಂಶ, ಹೊಸದು ಹಾಕಿ ಎಸ್‌ಎಂಬಿ 2 ಬರುತ್ತದೆಯೇ ನೋಡಿ. ಎಸ್‌ಎಂಬಿ 1 ಮತ್ತೆ ಆನ್ ಮಾಡುವುದು ಸುಲಭ, ಆದರೆ 2017ರ ವಾನಾಕ್ರೈ ವೈರಸ್ ಹರಡಿದ್ದು ಅದೇ ಬಾಗಿಲಿನಿಂದ.

ಜಿಮೇಲ್ ಬಳಸುವವರಿಗೆ, 2022ರ ಮೇ 30ರಿಂದ ಬರೀ ಪಾಸ್‌ವರ್ಡ್ ಕೊಟ್ಟು ಮೇಲ್ ಕಳಿಸಲು ಆಗುವುದಿಲ್ಲ. ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರಗಳ 'ಆಪ್ ಪಾಸ್‌ವರ್ಡ್' ಪಡೆದು ಪ್ರಿಂಟರಿನಲ್ಲಿ ಅದನ್ನು ಬರೆಯಿರಿ.

ಹೋಂಸ್ಟೇ ಗೆಸ್ಟ್‌ಗಳೂ ಪ್ರಿಂಟ್ ಕೇಳ್ತಾರೆ. ಅವರ ವೈಫೈಗೂ ಪ್ರಿಂಟರ್ ಸೇರಿಸೋದಾ?

ಬೇಡ. ಅತಿಥಿಗಳ ವೈಫೈ ಆಫೀಸಿನ ವಸ್ತುಗಳನ್ನು ನೋಡಲೇಬಾರದು. ಗೆಸ್ಟ್ ವೈಫೈ ಬೇರೆ ಇಡುವುದೇ ಅದಕ್ಕೆ. ಟಿಕೆಟ್ ಪ್ರಿಂಟ್ ಬೇಕಾದವರು ವಾಟ್ಸಾಪ್ ಮಾಡಲಿ, ನೀವು ತೆಗೆದು ಕೊಡಿ. ಜೊತೆಗೆ ಒಂದು ಲೋಟ ಕಾಫಿ.

ನಾನು ಬೆಂಗಳೂರಲ್ಲಿರ್ತೀನಿ. ಇಲ್ಲಿಂದಲೇ ತೋಟದ ಪ್ರಿಂಟರಿಗೆ ಕೊಡ್ಬೇಕು. ರೂಟರಲ್ಲಿ ಪೋರ್ಟ್ ತೆಗೆದುಬಿಡ್ತೀರಾ?

ತೆಗೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. 9100 ಪೋರ್ಟ್ ಹೊರಗೆ ತೆರೆದರೆ ಜಗತ್ತಿನಲ್ಲಿ ಯಾರು ಬೇಕಾದರೂ ನಿಮ್ಮ ಪ್ರಿಂಟರಿಗೆ ಕಾಗದ ಕಳಿಸಬಹುದು. ಅದು ಪಾಸ್‌ವರ್ಡ್ ಕೇಳುವುದಿಲ್ಲ. ಇದಕ್ಕೆ ಅಂತಲೇ ಇದ್ದ ಗೂಗಲ್ ಕ್ಲೌಡ್ ಪ್ರಿಂಟ್ 2020ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ದಿನಾ ಬೇಕಾದರೆ ವಿಪಿಎನ್, ಅಂದರೆ ಇಂಟರ್ನೆಟ್ ಮೂಲಕ ಆಫೀಸಿನ ನೆಟ್‌ವರ್ಕ್‌ಗೆ ಬೀಗ ಹಾಕಿದ ದಾರಿ, ಹಾಕೋಣ. ವಾರಕ್ಕೊಮ್ಮೆಯಾದರೆ ರೈಟರಿಗೆ ಪಿಡಿಎಫ್ ಕಳಿಸಿ, ಫೋನ್ ಮಾಡಿ.

ಪ್ರಿಂಟರಿಗೂ ಪಾಸ್‌ವರ್ಡಾ? ಅದ್ರಲ್ಲಿ ಏನಿದೆ ಕದಿಯೋಕೆ?

ನಿಮ್ಮ ಮೇಲ್ ಪಾಸ್‌ವರ್ಡ್ ಇದೆ, ವೈಫೈ ಪಾಸ್‌ವರ್ಡ್ ಇದೆ, ಎಲ್ಲರ ಮೇಲ್ ವಿಳಾಸ ಇದೆ. ಬ್ರೌಸರಿನಲ್ಲಿ ಪ್ರಿಂಟರಿನ ನಂಬರ್ ಹೊಡೆದರೆ ಅದರ ಒಳಗಿನ ಪುಟ ತೆರೆಯುತ್ತದೆ. ಅಲ್ಲಿ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಾಯಿಸಿ. ಬಳಸದ ಫ್ಯಾಕ್ಸ್, ಎಫ್‌ಟಿಪಿ, ವೈಫೈ ಡೈರೆಕ್ಟ್ ಆಫ್ ಮಾಡಿ. ಹೊಸ ಪಾಸ್‌ವರ್ಡನ್ನು ಪ್ರಿಂಟರಿನ ಮೇಲೇ ಅಂಟಿಸಬೇಡಿ. ನಗಬೇಡಿ, ಅಂಟಿಸಿದ್ದನ್ನು ನೋಡಿದ್ದೇನೆ. ಅಂಟಿಸುವುದಾದರೆ ಐಪಿ ನಂಬರ್ ಮಾತ್ರ ಅಂಟಿಸಿ.

ಹಳೇ ಪ್ರಿಂಟರ್ ಕೆಟ್ಟು ಹೊಸದು ತಂದ್ವಿ. ಎಲ್ಲ ಮೊದಲಿಂದ ಮಾಡ್ಬೇಕಾ?

ಹಳೆಯದರ ನಂಬರನ್ನೇ ಹೊಸದಕ್ಕೆ ಕೊಡಿ. ಆಗ ಪ್ರತಿ ಕಂಪ್ಯೂಟರಿನಲ್ಲಿ ಪೋರ್ಟ್ ಹಾಗೇ ಉಳಿಯುತ್ತದೆ, ಡ್ರೈವರ್ ಬದಲಾಯಿಸಿದರೆ ಸಾಕು. ರೂಟರಿನಲ್ಲಿ ಕಾಯಂ ಮಾಡಿದ್ದರೆ ಹಳೇ ಮ್ಯಾಕ್ ಅಳಿಸಿ ಹೊಸದು ಬರೆಯಿರಿ. ಎರಡನ್ನೂ ಒಟ್ಟಿಗೆ ಆನ್ ಮಾಡಬೇಡಿ, ಒಂದೇ ನಂಬರಿಗೆ ಇಬ್ಬರಾಗುತ್ತಾರೆ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವ ಮೊದಲು, ಅದು ಇನ್ನೂ ಆನ್ ಆಗುತ್ತಿದ್ದರೆ, ಮೆನುವಿನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ. ಆನ್ ಆಗದಿದ್ದರೆ ಅದರಲ್ಲಿ ಬರೆದಿದ್ದ ಆಪ್ ಪಾಸ್‌ವರ್ಡನ್ನು ಗೂಗಲ್ ಖಾತೆಯಿಂದ ತೆಗೆದುಹಾಕಿ, ವೈಫೈ ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಜೀಪಿಗೆ ಹಾಕಿ.